ಚಿಕ್ಕದರಿಂದ ಶುರು ಮಾಡಿ ಎಂಬ ಕೆಟ್ಟ ಸಲಹೆ

ರಿಮೋಟ್ ಹಿಡಿದು ಮಾದರಿ ಹೆಲಿಕಾಪ್ಟರ್ ಹಾರಿಸುವುದನ್ನು ಕಲಿಯಬೇಕು ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ಸಲಹೆ ಸಿದ್ಧವಾಗಿರುತ್ತದೆ. ಮೊದಲು ಅಗ್ಗದ್ದೊಂದು ಪುಟಾಣಿ ತಗೊಳ್ಳಿ, ಒಂದರ ಮೇಲೊಂದು ಎರಡು ರೋಟರ್ ಇರುವಂಥದ್ದು. ಬಿದ್ದರೆ ಬೀಳಲಿ, ಹೋದರೆ ಎರಡು ಸಾವಿರ ಹೋಯಿತು. ಅದು ಕೈಗೆ ಹತ್ತಿದ ಮೇಲೆ ಒಂಟಿ ರೋಟರಿನ ಚಿಕ್ಕದೊಂದು. ಅದೂ ಪಳಗಿದ ಮೇಲೆ ನಿಜವಾದದ್ದರ ಯೋಚನೆ ಮಾಡಿ. ಅಂಗಡಿಯವರು ಹೇಳುವುದು ಇದನ್ನೇ, ಡ್ರೋನ್ ಹಾರಿಸುವ ಗೆಳೆಯ ಹೇಳುವುದು ಇದನ್ನೇ, ಹೆಲಿಕಾಪ್ಟರನ್ನು ಮುಟ್ಟಿಯೂ ನೋಡದ ದೊಡ್ಡಪ್ಪ ಹೇಳುವುದೂ ಇದನ್ನೇ. ಇಷ್ಟೊಂದು ಒಮ್ಮತ ನಮ್ಮಲ್ಲಿ ಇನ್ಯಾವ ವಿಷಯಕ್ಕೂ ಸಿಕ್ಕಿದ್ದು ನಾನು ಕಂಡಿಲ್ಲ.

ಈ ಸಲಹೆ ಬುಡದಲ್ಲೇ ತಪ್ಪು. ಮೆಟ್ಟಿಲುಗಳೆಂದು ತೋರಿಸುವ ಈ ಮೂರು ಯಂತ್ರಗಳು ಒಂದೇ ಏಣಿಗೆ ಸೇರಿದವೇ ಅಲ್ಲ. ಮೊದಲ ಎರಡರಲ್ಲಿ ಕೈಗೆ ಅಂಟಿಸಿಕೊಂಡ ಅಭ್ಯಾಸಗಳನ್ನು ಮೂರನೆಯದರ ಮುಂದೆ ನಿಂತಾಗ ಒಂದೊಂದಾಗಿ ಕೀಳಬೇಕಾಗುತ್ತದೆ. ಕೆಲವು ಅಭ್ಯಾಸಗಳಂತೂ ಯಂತ್ರವನ್ನು ನೆಲಕ್ಕೆ ಚಚ್ಚಿದ ಮೇಲೆಯೇ ಬಿಡುವುದು. ಹೊಸಬರು ಮೊದಲು ಕೊಳ್ಳಬೇಕಾದದ್ದು ಒಳ್ಳೆಯ ಟ್ರಾನ್ಸ್‌ಮಿಟರ್ ಮತ್ತು ಸಿಮ್ಯುಲೇಟರ್. ಅದಾದ ಮೇಲೆ ಕೊಳ್ಳುವ ಮೊಟ್ಟಮೊದಲ ಹೆಲಿಕಾಪ್ಟರೇ ಕಲೆಕ್ಟಿವ್ ಪಿಚ್ ಇರುವ, ಅಂದರೆ ಬ್ಲೇಡುಗಳ ಕೋನ ಹಾರುತ್ತಿರುವಾಗಲೇ ಬದಲಾಗುವ, ಬಿಡಿಭಾಗ ಸಿಗುವ, ಅಂಗೈಗಿಂತ ಸಾಕಷ್ಟು ದೊಡ್ಡದಾದ ಯಂತ್ರವಾಗಿರಬೇಕು. ಇಷ್ಟೇ ನನ್ನ ವಾದ. ಇದನ್ನು ಕೇಳಿದ ತಕ್ಷಣ 'ಹೊಸಬರನ್ನು ಹೆದರಿಸಬೇಡಿ ಸಾರ್' ಎನ್ನುವವರಿದ್ದಾರೆ. ಹೊಸಬರನ್ನು ಹೆದರಿಸಿ ಓಡಿಸುತ್ತಿರುವುದು ಆ ಪುಟಾಣಿ ಆಟಿಕೆಯೇ ಹೊರತು ನನ್ನ ಮಾತಲ್ಲ.

ಆ ಮೊದಲ ಮೆಟ್ಟಿಲನ್ನೇ ಬಿಚ್ಚಿ ನೋಡೋಣ. ಸೈಮಾ ಎಸ್107 ಎಂಬ ಲೋಹದ ಚೌಕಟ್ಟಿನ ಪುಟ್ಟ ಹೆಲಿಕಾಪ್ಟರನ್ನು ನೀವು ಹೆಸರಿನಿಂದ ಅಲ್ಲದಿದ್ದರೂ ಮುಖದಿಂದ ಬಲ್ಲಿರಿ. ಮಾಲ್‌ಗಳಲ್ಲಿ, ಜಾತ್ರೆಗಳಲ್ಲಿ ಮಾರುವ ಎಷ್ಟೋ ಆಟಿಕೆಗಳು ಅದರ ನಕಲು, ಇಲ್ಲವೇ ನಕಲಿನ ನಕಲು. ಅದರಲ್ಲಿ ಇರುವುದು ಮೂರೇ ಚಾನೆಲ್: ಮೇಲೆ ಕೆಳಗೆ, ಮೂತಿ ಎಡಕ್ಕೆ ಬಲಕ್ಕೆ, ಮುಂದೆ ಹಿಂದೆ. ಮೈ ವಾಲಿಸಿಕೊಂಡು ಪಕ್ಕಕ್ಕೆ ಸರಿಯುವ ಏರ್ಪಾಡೇ ಇಲ್ಲ. ಮುಂದೆ ಹೋಗುವುದಾದರೂ ರೋಟರನ್ನು ಬಾಗಿಸಿಕೊಂಡಲ್ಲ. ಬಾಲದ ತುದಿಯಲ್ಲಿ ಅಂಗಾತ ಮಲಗಿಸಿದ ಪುಟ್ಟ ಫ್ಯಾನೊಂದು ತಿರುಗಿ ಬಾಲವನ್ನು ಎತ್ತುತ್ತದೆ ಅಥವಾ ಇಳಿಸುತ್ತದೆ, ಆ ವಾಲಿಕೆಯ ಕಡೆಗೆ ಆಟಿಕೆ ತೇಲುತ್ತದೆ. ರಿಮೋಟ್ ಇನ್‌ಫ್ರಾರೆಡ್, ಟಿ.ವಿ. ರಿಮೋಟಿನ ಜಾತಿ, ಬಿಸಿಲಿಗೆ ತಂದರೆ ಕುರುಡು. ಹೆಲಿಕಾಪ್ಟರ್ ಹಾರಿಸುವುದೆಂದರೆ ಮೂಲದಲ್ಲಿ ನಾಲ್ಕು ಹತೋಟಿಗಳನ್ನು ಏಕಕಾಲಕ್ಕೆ ನಡೆಸುವುದು. ಇಲ್ಲಿ ಒಂದು ಇಲ್ಲವೇ ಇಲ್ಲ, ಉಳಿದ ಮೂರೂ ಬೇರೆಯದೇ ತತ್ವದ ಮೇಲೆ ನಡೆಯುತ್ತವೆ. ಇದನ್ನು ಕಲಿಕೆಯ ಮೊದಲ ಪಾಠ ಎನ್ನುವುದು ಯಾವ ಲೆಕ್ಕದಲ್ಲಿ?

ಇದಕ್ಕಿಂತ ಮರ್ಯಾದಸ್ಥ ಜೋಡಿ ರೋಟರಿನವು ಬಂದಿವೆ, ಇಲ್ಲವೆನ್ನಲಾರೆ. 2000ರ ದಶಕದ ಮೊದಲರ್ಧದಲ್ಲಿ ಜಪಾನಿನ ಹಿರೊಬೊ ಕಂಪನಿ ಕೋಣೆಯೊಳಗೆ ಹಾರುವ ಎಕ್ಸ್‌ಆರ್‌ಬಿ ಲಾಮಾವನ್ನು ತಂದಿತು. ಅದರ ಬೆನ್ನಿಗೇ ಚೀನಾದ ಈಸ್ಕೈ ಲಾಮಾಗಳು ಬಂದವು. ಲಾಮಾ ನಮಗೆ ಹೊಸಬನಲ್ಲ. ಫ್ರಾನ್ಸಿನ ಎಸ್‌ಎ 315ಬಿ ಲಾಮಾವನ್ನೇ ಬೆಂಗಳೂರಿನ ಎಚ್‌ಎಎಲ್ ಪರವಾನಗಿ ಪಡೆದು 'ಚೀತಾ' ಎಂಬ ಹೆಸರಲ್ಲಿ ತಯಾರಿಸಿದ್ದು. ಗಾಜಿನ ಗುಳ್ಳೆಯಂಥ ಮುಂಭಾಗ, ಸರಳುಗಳನ್ನು ಹೆಣೆದ ಬೋಳು ಬಾಲ. ಸಿಯಾಚಿನ್ನಿನ ಠಾಣೆಗಳಿಗೆ ಸಾಮಾನು ಸಾಗಿಸಿದ್ದು, ಅಲ್ಲಿಂದ ಗಾಯಾಳುಗಳನ್ನು ಇಳಿಸಿದ್ದು ಅದೇ. ಆ ಅಸಲಿ ಲಾಮಾಕ್ಕೆ ಮೂರು ಬ್ಲೇಡಿನ ಒಂದೇ ಮುಖ್ಯ ರೋಟರ್, ಹಿಂದೆ ಕೆಲಸ ಮಾಡುವ ಟೈಲ್ ರೋಟರ್. ಆಟಿಕೆ ಲಾಮಾಕ್ಕೆ ಮೇಲೆ ಎರಡು ರೋಟರ್, ಹಿಂದೆ ಶೋಕಿಗೊಂದು ಟೈಲ್ ರೋಟರ್. ವೇಷ ಮಾತ್ರ ಲಾಮಾದ್ದು.

ಜೋಡಿ ರೋಟರಿನ ನಿಜ ಹೆಲಿಕಾಪ್ಟರ್ ಇಲ್ಲವೇ ಎಂದರೆ ಇದೆ. ರಷ್ಯಾದ ಕಾಮೊವ್ ಕಾ-31 ನಮ್ಮ ನೌಕಾಪಡೆಯಲ್ಲೇ ಇದೆ. ಆದರೆ ಅಲ್ಲಿ ಎರಡೂ ರೋಟರಿನ ಬ್ಲೇಡುಗಳ ಕೋನ, ಅಂದರೆ ಪಿಚ್, ಹಾರುತ್ತಿರುವಾಗಲೇ ಬದಲಾಗುತ್ತದೆ. ಮೂತಿ ತಿರುಗಬೇಕಾದರೆ ಒಂದು ರೋಟರಿನ ಕೋನ ಹೆಚ್ಚಿ ಇನ್ನೊಂದರದ್ದು ತಗ್ಗುತ್ತದೆ. ಆಟಿಕೆಯ ಬ್ಲೇಡಿನ ಕೋನ ಅಚ್ಚಿನಲ್ಲಿ ಹೇಗೆ ಬಂತೋ ಹಾಗೇ ಖಾಯಂ. ಎರಡು ಮೋಟಾರುಗಳ ವೇಗವನ್ನು ಹೆಚ್ಚು ಕಡಿಮೆ ಮಾಡಿ ಮೂತಿ ತಿರುಗಿಸುತ್ತಾರೆ. ಹಾಗಾಗಿ ಅದು ಲಾಮಾದ ಪಾಠವನ್ನೂ ಹೇಳಿಕೊಡದು, ಕಾಮೊವ್‌ನದನ್ನೂ ಹೇಳಿಕೊಡದು.

ಇದೆಲ್ಲ ಯಂತ್ರದ ಜಾತಿಕುಲದ ಮಾತಾಯಿತು, ಕಲಿಯುವವನಿಗೆ ಇದರಿಂದ ಏನು ಎಂದು ಕೇಳಬಹುದು. ನನ್ನ ಮುಖ್ಯ ತಕರಾರು ಇರುವುದು ಬೆರಳಿನ ಅಭ್ಯಾಸದಲ್ಲಿ. ಜೋಡಿ ರೋಟರಿನ ಆಟಿಕೆಯನ್ನು ತನ್ನಷ್ಟಕ್ಕೆ ನೆಟ್ಟಗಾಗುವಂತೆ ರೂಪಿಸಿರುತ್ತಾರೆ. ಮೇಲಿನ ರೋಟರಿಗೆ ಜೋಡಿಸಿದ, ತುದಿಯಲ್ಲಿ ಭಾರವಿರುವ ದಂಡ ಅದನ್ನು ಸಮತಟ್ಟಾಗಿ ಹಿಡಿದಿಡುತ್ತದೆ. ಸ್ಟಿಕ್ ಮುಂದೆ ನೂಕಿದರೆ ಮುಂದೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ವಾರವೊಂದು ಕಳೆಯುವುದರೊಳಗೆ ಬೆರಳು ಕಲಿಯುವ ಪಾಠ ಇದು: ಗಾಬರಿಯಾದಾಗ ಕೈಬಿಡು, ಅದೇ ಸರಿಹೋಗುತ್ತದೆ. ಕಲೆಕ್ಟಿವ್ ಪಿಚ್ ಹೆಲಿಕಾಪ್ಟರ್ ಈ ಪಾಠಕ್ಕೆ ತದ್ವಿರುದ್ಧ. ಅಲ್ಲಿ ಸ್ಟಿಕ್ ಮುಂದೆ ನೂಕಿದರೆ ರೋಟರಿನ ತಟ್ಟೆ ಬಾಗುತ್ತದೆ. ಬಿಟ್ಟರೆ ಬಾಗಿದ್ದು ಬಾಗಿದಂತೆಯೇ ಉಳಿಯುತ್ತದೆ, ವೇಗ ಏರುತ್ತ ಹೋಗುತ್ತದೆ. ನಿಲ್ಲಿಸಬೇಕಾದರೆ ಎದುರು ದಿಕ್ಕಿಗೆ ಸ್ಟಿಕ್ ಕೊಡಬೇಕು. ನಿಂತ ಮೇಲೆ ಆ ಎದುರಿನ ವಾಲಿಕೆಯನ್ನೂ ಅಳಿಸಬೇಕು. ಒಂದು ಚಲನೆಗೆ ಮೂರು ತಿದ್ದುಪಡಿ. ಒಂದೇ ಕಡೆ ನಿಂತು ತೇಲುವುದು, ನಾವು ಹೋವರ್ ಎನ್ನುವುದು, ಈ ತಿದ್ದುಪಡಿಗಳ ಎಡೆಬಿಡದ ಸಾಲು. ಸುಮ್ಮನೆ ನಿಂತಂತೆ ಕಾಣುವ ಹೆಲಿಕಾಪ್ಟರಿನ ಹಿಂದೆ ಒಂದು ಕ್ಷಣವೂ ಸುಮ್ಮನಿರದ ಎರಡು ಹೆಬ್ಬೆರಳುಗಳಿರುತ್ತವೆ. ಕೈಬಿಟ್ಟರೆ ನಿಲ್ಲುವ ಯಂತ್ರದಲ್ಲಿ ಎಷ್ಟು ತಿಂಗಳು ಕಳೆದರೂ ಇದರಲ್ಲಿ ಒಂದಕ್ಷರವೂ ಬರುವುದಿಲ್ಲ.

ಇದಕ್ಕಿಂತ ಅಪಾಯಕಾರಿ ಇನ್ನೊಂದಿದೆ. ಆಟಿಕೆಯಲ್ಲಿ ಎಡವಟ್ಟಾದರೆ ಥ್ರಾಟಲ್ ಪೂರ್ತಿ ಕೆಳಗೆ ಎಳೆಯುತ್ತೇವೆ, ಮೋಟಾರ್ ನಿಲ್ಲುತ್ತದೆ, ಆಟಿಕೆ ನೆಲಕ್ಕೆ ತೊಪ್ಪನೆ ಬೀಳುತ್ತದೆ, ಏನೂ ಆಗುವುದಿಲ್ಲ. ಕಲೆಕ್ಟಿವ್ ಹೆಲಿಕಾಪ್ಟರಿನಲ್ಲಿ ಐಡಲ್-ಅಪ್, ಅಂದರೆ ಸ್ಟಿಕ್ ಎಲ್ಲೇ ಇದ್ದರೂ ಮೋಟಾರಿನ ವೇಗ ಇಳಿಯದ ಸ್ಥಿತಿಯಲ್ಲಿದ್ದಾಗ ಅದೇ ಸ್ಟಿಕ್ಕನ್ನು ಕೆಳಗೆ ಎಳೆದರೆ ಮೋಟಾರ್ ನಿಲ್ಲುವುದಿಲ್ಲ. ಬ್ಲೇಡುಗಳ ಕೋನ ಸೊನ್ನೆಯನ್ನು ದಾಟಿ ಋಣಕ್ಕೆ ಹೋಗುತ್ತದೆ; ಹೆಲಿಕಾಪ್ಟರ್ ಪೂರ್ತಿ ಶಕ್ತಿಯಿಂದ ತನ್ನನ್ನೇ ನೆಲಕ್ಕೆ ಒತ್ತಿಕೊಳ್ಳುತ್ತದೆ. ಆ ಗಳಿಗೆಯಲ್ಲಿ ಮಾಡಬೇಕಾದದ್ದು ಮೋಟಾರನ್ನು ನಿಲ್ಲಿಸುವ ಥ್ರಾಟಲ್ ಹೋಲ್ಡ್ ಸ್ವಿಚ್ ಹಾಕುವುದು. ಅದಕ್ಕೆ ಬೆರಳು ಎಷ್ಟು ಪಳಗಿರಬೇಕೆಂದರೆ ಯೋಚನೆಗೂ ಮುಂಚೆ ಅಲ್ಲಿಗೆ ಹೋಗಬೇಕು. ಆಟಿಕೆಯಲ್ಲಿ ಪಳಗಿದ ಬೆರಳು ಹೋಗುವುದು ಇನ್ನೊಂದು ಕಡೆಗೆ. 'ಆರು ತಿಂಗಳು ಚಿಕ್ಕದರಲ್ಲಿ ಪಳಗಿ ಬಂದೆ, ದೊಡ್ಡದು ಮೊದಲ ದಿನವೇ ಮಣ್ಣುಮುಕ್ಕಿತು' ಎಂದು ಗೊಣಗುವವರ ಕಥೆಯ ಹಿಂದೆ ಹೆಚ್ಚಾಗಿ ಇರುವುದು ಇದೇ. ಅವರು ದೊಡ್ಡದನ್ನು ಬೈಯುತ್ತಾರೆ.

ಬ್ಲೇಡಿನ ಕೋನ ಬದಲಾಗುವುದು ಯಾಕೆ ಅಷ್ಟು ಮುಖ್ಯ ಎನ್ನುವವರಿಗೆ ಮತ್ತೆ ಅಸಲಿ ಲಾಮಾವನ್ನೇ ತೋರಿಸುತ್ತೇನೆ. 1972ರ ಜೂನ್ 21ರಂದು ಫ್ರಾನ್ಸಿನ ಜ್ಯಾನ್ ಬುಲೆ ಒಂದು ಲಾಮಾವನ್ನು 12,442 ಮೀಟರ್ ಎತ್ತರಕ್ಕೆ ಒಯ್ದು ದಾಖಲೆ ಮಾಡಿದರು. ಅಲ್ಲಿ ಎಂಜಿನ್ ಆರಿಹೋಯಿತು. ಕೋನ ತಗ್ಗಿಸಿ, ಕೆಳಗಿನಿಂದ ನುಗ್ಗುವ ಗಾಳಿಯಿಂದಲೇ ರೋಟರನ್ನು ತಿರುಗಿಸಿಕೊಂಡು ಅಷ್ಟೂ ಎತ್ತರದಿಂದ ಇಳಿದು ನೆಲ ಮುಟ್ಟಿದರು. ಇದನ್ನು ಆಟೊರೊಟೇಷನ್ ಎನ್ನುತ್ತಾರೆ. ಕಲೆಕ್ಟಿವ್ ಪಿಚ್ಚಿನ ಮಾದರಿ ಹೆಲಿಕಾಪ್ಟರುಗಳಲ್ಲಿ, ಅದರಲ್ಲೂ ದೊಡ್ಡವುಗಳಲ್ಲಿ, ಮೋಟಾರ್ ಕೈಕೊಟ್ಟಾಗ ಯಂತ್ರವನ್ನು ಉಳಿಸಿಕೊಳ್ಳುವ ವಿದ್ಯೆಯೂ ಇದೇ. ಕೋನ ಖಾಯಂ ಆಗಿರುವ ಯಂತ್ರಕ್ಕೆ ಮೋಟಾರ್ ನಿಂತರೆ ಅದು ಕಲ್ಲು.

ಎರಡನೆಯ ಮೆಟ್ಟಿಲಿಗೆ ಬರುತ್ತೇನೆ, ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಡಬ್ಲ್ಯುಎಲ್‌ಟಾಯ್ಸ್ ವಿ911, ಬ್ಲೇಡ್ ಎಂಎಸ್‌ಆರ್ ಮುಂತಾದ ಒಂಟಿ ರೋಟರಿನ, ಖಾಯಂ ಕೋನದ ಪುಟಾಣಿಗಳು ನೋಡಲು ನಿಜವಾದ ಹೆಲಿಕಾಪ್ಟರಿನಂತಿವೆ, ಟೈಲ್ ರೋಟರೂ ಕೆಲಸ ಮಾಡುತ್ತದೆ. ಆದರೆ ಎತ್ತರದ ಹತೋಟಿ ಮೋಟಾರಿನ ವೇಗದಿಂದ. ಸ್ಟಿಕ್ ಏರಿಸಿದ ಮೇಲೆ ರೋಟರ್ ವೇಗ ಹಿಡಿಯಬೇಕು, ಆಮೇಲೆ ಏರಬೇಕು. ಕೈಗೂ ಯಂತ್ರಕ್ಕೂ ನಡುವೆ ಯಾವಾಗಲೂ ಒಂದು ತಡ. ಇಳಿಸಲು ವೇಗ ತಗ್ಗಿಸಿದರೆ ಹತೋಟಿ ಸಡಿಲವಾಗುತ್ತದೆ, ಅಂದರೆ ನೆಲದ ಹತ್ತಿರ ಹಿಡಿತ ಬೇಕೇಬೇಕಾದ ಹೊತ್ತಿನಲ್ಲೇ ಅದು ಕಡಿಮೆ. ಥ್ರಾಟಲ್ ಮುಟ್ಟಿದಾಗಲೆಲ್ಲ ಬಾಲ ಅಲುಗುತ್ತದೆ. ಕಲೆಕ್ಟಿವ್ ಯಂತ್ರದಲ್ಲಿ ರೋಟರಿನ ವೇಗ ಹೆಚ್ಚುಕಡಿಮೆ ಒಂದೇ ಸಮ. ಕೋನ ಮಾತ್ರ ಬದಲಾಗುವುದರಿಂದ ಉತ್ತರ ತಕ್ಷಣ ಬರುತ್ತದೆ. ತಡಕ್ಕೆ ಒಗ್ಗಿದ ಕೈ ಈ ತಕ್ಷಣದ ಉತ್ತರಕ್ಕೆ ಬೆಚ್ಚಿ, ಹೆಚ್ಚು ಕೊಟ್ಟು, ಮತ್ತೆ ಹೆಚ್ಚು ತಗ್ಗಿಸಿ, ಹೆಲಿಕಾಪ್ಟರನ್ನು ಬಾವಿಯ ಕೊಡದಂತೆ ಏರಿಳಿಸತೊಡಗುತ್ತದೆ.

ಈಗ 'ಚಿಕ್ಕದು ಸುಲಭ' ಎಂಬ ಮಾತು. ಏಣಿ ಸಿದ್ಧಾಂತದ ಪ್ರಾಣ ಇರುವುದೇ ಇಲ್ಲಿ, ಮತ್ತು ಇದು ಭೌತವಿಜ್ಞಾನದ ಮುಂದೆ ಒಂದು ನಿಮಿಷವೂ ನಿಲ್ಲುವುದಿಲ್ಲ. ಒಂದೇ ಆಕಾರದ ಎರಡು ಹೆಲಿಕಾಪ್ಟರುಗಳಲ್ಲಿ ಒಂದರ ಅಳತೆ ಇನ್ನೊಂದರ ಅರ್ಧ ಎಂದುಕೊಳ್ಳಿ. ತೂಕ ಎಂಟರಲ್ಲಿ ಒಂದು ಪಾಲಾಗುತ್ತದೆ. ಮೈ ಹೊರಳುವುದಕ್ಕೆ ಒಡ್ಡುವ ಜಡತ್ವ ಮೂವತ್ತೆರಡರಲ್ಲಿ ಒಂದು ಪಾಲಾಗುತ್ತದೆ, ಏಕೆಂದರೆ ಅದು ಅಳತೆಯ ಐದನೆಯ ಘಾತದಂತೆ ಬದಲಾಗುವಂಥದ್ದು. ಚಿಕ್ಕದರ ರೋಟರಿನ ಬಲವೂ ಕಡಿಮೆಯೇ, ಆದರೆ ಜಡತ್ವ ಇಳಿದಷ್ಟು ಅದು ಇಳಿಯುವುದಿಲ್ಲ. ಹಾಗಾಗಿ ಚಿಕ್ಕದು ಚಿಟಿಕೆ ಹೊಡೆಯುವುದರೊಳಗೆ ಹೊರಳುತ್ತದೆ, ತಿದ್ದಲು ಹೊಸಬನಿಗೆ ಸಿಗುವ ಸಮಯ ಇನ್ನೂ ಕಡಿಮೆ. ದೊಡ್ಡದು ನಿಧಾನವಾಗಿ ವಾಲುತ್ತದೆ, ವಾಲುತ್ತಿರುವುದು ಕಣ್ಣಿಗೂ ಕಾಣುತ್ತದೆ. ಇಪ್ಪತ್ತು ಮೀಟರ್ ಆಚೆ ಅಂಗೈಯಗಲದ ಆಟಿಕೆಯ ಮೂತಿ ಯಾವ ಕಡೆಗಿದೆ ಎಂದು ಹೇಳಿ ನೋಡೋಣ! ಹೆಲಿಕಾಪ್ಟರ್ ಕಲಿಕೆಯ ಅರ್ಧ ಭಾಗ ಈ ಮೂತಿ-ಬಾಲದ ಗುರುತಿನದೇ. ಮೂತಿ ನಮ್ಮ ಕಡೆ ತಿರುಗಿದಾಗ ಎಡ ಬಲ ಅದಲುಬದಲಾಗುವ ಗೊಂದಲವೇ ಹೊಸಬರನ್ನು ಹೆಚ್ಚು ಬೀಳಿಸುವುದು. ಇನ್ನು ಗಾಳಿ. ಆಷಾಢದಲ್ಲಿ ಚಿತ್ರದುರ್ಗದ ಕಡೆಯ ಬಯಲಿನಲ್ಲಾಗಲಿ ಬೆಂಗಳೂರಿನ ಹೊರವಲಯದಲ್ಲಾಗಲಿ ನಲವತ್ತು ಗ್ರಾಮಿನ ಆಟಿಕೆಯನ್ನು ಹೊರಗೆ ಬಿಟ್ಟರೆ, ಅದನ್ನು ಹುಡುಕಲು ಜೊತೆಗಿಬ್ಬರು ಬೇಕಾಗುತ್ತಾರೆ.

ನಮ್ಮ ತಲೆಮಾರಿನವರು ಸೈಕಲ್ ಕಲಿತದ್ದು ಹೇಗೆ? ಅಪ್ಪನ ದೊಡ್ಡ ಸೈಕಲ್ಲಿನ ಬಾರ್ ಕೆಳಗೆ ಕಾಲು ತೂರಿಸಿ, ಒಳಪೆಡಲು ತುಳಿದು. ಸೀಟು ಎಟುಕುತ್ತಿರಲಿಲ್ಲ, ಮೊಣಕಾಲು ಕೆತ್ತಿಹೋಗುತ್ತಿತ್ತು, ಆದರೆ ತೂಕ ಹಿಡಿಯುವ ವಿದ್ಯೆ ಮೊದಲ ದಿನದಿಂದಲೇ ನಿಜವಾದದ್ದು. ಮೂರು ಗಾಲಿಯ ಸೈಕಲ್ ಮೇಲೆ ಮೂರು ವರ್ಷ ಕೂತ ಮಗುವೂ ತೂಕ ಹಿಡಿಯುವುದನ್ನು ಮೊದಲಿನಿಂದಲೇ ಕಲಿಯಬೇಕು.

ಅಗ್ಗದ ಮಾತಿಗೆ ಬಂದರೆ ಸಿಟ್ಟು ಬರುತ್ತದೆ. ಅಂಗಡಿಯ ಸಂಭಾಷಣೆ ಹೀಗೆ ನಡೆಯುತ್ತದೆ. 'ಸಾರ್, ಫಸ್ಟ್ ಟೈಮಾ? ಹಾಗಾದ್ರೆ ಇದು ತಗೊಳ್ಳಿ, ಮಕ್ಕಳೂ ಹಾರಿಸ್ತಾರೆ.' 'ಬಿದ್ದು ಮುರಿದರೆ ಪಾರ್ಟ್ಸ್ ಸಿಗುತ್ತಾ?' 'ಅಯ್ಯೋ ಪಾರ್ಟ್ಸ್ ಯಾಕೆ ಸಾರ್, ಹೊಸದೇ ಬಂದ್ಬಿಡುತ್ತೆ.' ಇದನ್ನು ಅವರು ಗ್ರಾಹಕರಿಗೆ ಮಾಡುವ ಉಪಕಾರವೆಂದೇ ಪ್ರಾಮಾಣಿಕವಾಗಿ ನಂಬಿರುತ್ತಾರೆ. ಲೆಕ್ಕ ಹಾಕಿ: ಜೋಡಿ ರೋಟರಿನದು ಎರಡು, ಏಕೆಂದರೆ ಮೊದಲನೆಯದರ ಗೇರ್ ಹಲ್ಲು ಹೋಗಿರುತ್ತದೆ, ಖಾಯಂ ಕೋನದ್ದು ಒಂದು, ಅದರ ಟೈಲ್ ಮೋಟಾರ್ ಸುಟ್ಟುಹೋದ ಮೇಲೆ ಇನ್ನೊಂದು, ಪ್ರತಿಯೊಂದಕ್ಕೂ ಬೇರೆ ಬೇರೆ ಆಕಾರದ ಬ್ಯಾಟರಿ, ಬೇರೆ ಚಾರ್ಜರ್, ಇನ್ನಾವುದಕ್ಕೂ ಬಾರದ ರಿಮೋಟ್. ಇವೆಲ್ಲ ಸೇರಿದ ದುಡ್ಡಿನಲ್ಲಿ ಜೀವಮಾನ ಬಾಳುವ ಟ್ರಾನ್ಸ್‌ಮಿಟರ್ ಒಂದು ಬರುತ್ತಿತ್ತು. ಅಗ್ಗದ್ದನ್ನು ನಾಲ್ಕು ಸಲ ಕೊಳ್ಳುವುದಕ್ಕೆ ಉಳಿತಾಯ ಎಂದು ಹೆಸರಿಡಲು ನಾನು ಸಿದ್ಧನಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಈ ಸಲಹೆ ಹುಟ್ಟಿದ ಕಾಲಕ್ಕೆ ಅದರಲ್ಲಿ ಅರ್ಥವಿತ್ತು. 1970ರ ಆಸುಪಾಸಿನಲ್ಲಿ ಜರ್ಮನಿಯ ಡೀಟರ್ ಶ್ಲೂಟರ್ ರೇಡಿಯೊ ಹತೋಟಿಯ ಹೆಲಿಕಾಪ್ಟರನ್ನು ನಂಬಿ ಹಾರಿಸಬಹುದಾದ ಸ್ಥಿತಿಗೆ ತಂದರು. ಅಲ್ಲಿಂದ ಮೂರು ದಶಕ ಅದು ಹಣವಂತರ, ಹಟವಾದಿಗಳ ವಿದ್ಯೆಯಾಗಿತ್ತು. ಸಣ್ಣ ಎಂಜಿನ್ನು, ಅದಕ್ಕೊಂದು ಇಂಧನ, ರೋಟರಿನ ಮೇಲೆ ಪ್ಯಾಡಲ್ ಹೊತ್ತ ಅಡ್ಡದಂಡ, ಹತ್ತಾರು ಕೊಂಡಿಗಳು. ಒಂದರ ಉದ್ದ ಅರ್ಧ ಸುತ್ತು ತಪ್ಪಿದರೂ ಯಂತ್ರ ನಡುಗುತ್ತಿತ್ತು. ಬಾಲ ಹಿಡಿಯುವ ಗೈರೊ ಮೊದಮೊದಲು ಇರಲಿಲ್ಲ, ಬಂದದ್ದೂ ಒರಟು. (ಅಡ್ಡದಂಡದ ಕಥೆಯೇ ಸೊಗಸಾದದ್ದು. 1930ರ ದಶಕದಲ್ಲಿ ಅಮೆರಿಕದ ಆರ್ಥರ್ ಯಂಗ್ ಎಂಬಾತ ಪುಟ್ಟ ಮಾದರಿಗಳನ್ನು ಕಟ್ಟಿ ಕೆಡವಿ ಕಟ್ಟಿ, ರೋಟರನ್ನು ಸಮ ಹಿಡಿಯುವ ದಂಡವನ್ನು ಕಂಡುಕೊಂಡ. 1941ರಲ್ಲಿ ಬೆಲ್ ಕಂಪನಿ ಸೇರಿದ. 1946ರ ಮಾರ್ಚಿನಲ್ಲಿ ನಾಗರಿಕ ಬಳಕೆಗೆ ಮೊದಲ ಪ್ರಮಾಣಪತ್ರ ಪಡೆದ ಬೆಲ್ 47 ಹುಟ್ಟಿದ್ದು ಆ ಆಟಿಕೆಗಳಿಂದ.) ಅಂಥ ಕಾಲದಲ್ಲಿ ಹೊಸಬನ ಕೈಗೆ ಪೂರ್ತಿ ಹೆಲಿಕಾಪ್ಟರ್ ಕೊಡುವುದು ನಿಜಕ್ಕೂ ಅವಿವೇಕ. 2000ರ ದಶಕದ ಮಧ್ಯದಲ್ಲಿ ಲಿಥಿಯಂ ಪಾಲಿಮರ್ ಬ್ಯಾಟರಿ, ಬ್ರಷ್‌ಲೆಸ್ ಮೋಟಾರು ಬಂದು, ತೈವಾನಿನ ಅಲೈನ್ ಕಂಪನಿಯ ಟಿ-ರೆಕ್ಸ್ 450 ಎಲ್ಲರ ಕೈಗೆಟುಕಿದಾಗಲೂ ಜೋಡಣೆ, ಹೊಂದಾಣಿಕೆ ತಲೆನೋವಾಗಿಯೇ ಇತ್ತು. ಆಗ ಪೆಟ್ಟಿಗೆ ಬಿಚ್ಚಿದ ಕೂಡಲೇ ಹಾರುವ ಜೋಡಿ ರೋಟರ್ ಪವಾಡದಂತೆ ಕಂಡಿತು.

ಆದರೆ ಆಮೇಲೆ ಕಾಲ ಬದಲಾಯಿತು, ಸಲಹೆ ಬದಲಾಗಲಿಲ್ಲ. 2010ರ ಹೊತ್ತಿಗೆ ಅಡ್ಡದಂಡದ ಕೆಲಸವನ್ನು ಎಲೆಕ್ಟ್ರಾನಿಕ್ ಗೈರೊಗಳು ವಹಿಸಿಕೊಂಡವು. ಕೊಂಡಿಗಳ ಗೊಂಡಾರಣ್ಯ ಮಾಯವಾಯಿತು. ಇಂದು ಓಎಂಪಿ ಎಂ2, ಗೂಸ್ಕೈ ಎಸ್2 ಬಗೆಯ, ಸುಮಾರು 400 ಮಿಲಿಮೀಟರ್ ರೋಟರ್ ವ್ಯಾಸದ ಹೆಲಿಕಾಪ್ಟರುಗಳು ಕಾರ್ಖಾನೆಯಲ್ಲೇ ಜೋಡಣೆಯಾಗಿ, ಹೊಂದಿಸಿಕೊಂಡು ಬರುತ್ತವೆ. ಮುಖ್ಯ ರೋಟರಿಗೊಂದು, ಬಾಲಕ್ಕೊಂದು ಮೋಟಾರು ನೇರವಾಗಿ ಕೂತಿರುವುದರಿಂದ ಹಲ್ಲು ಮುರಿಯಲು ಮುಖ್ಯ ಗೇರೇ ಇಲ್ಲ. ಹೊಸಬನಿಗೆ ಹೆಲಿಕಾಪ್ಟರ್ ಕಷ್ಟ ಎನ್ನಲು ಇದ್ದ ಕಾರಣಗಳಲ್ಲಿ ಅರ್ಧಕ್ಕರ್ಧ ಕಾರ್ಖಾನೆಯಲ್ಲೇ ತೀರಿಹೋಗಿವೆ. ಉಳಿದಿರುವುದು ಬೆರಳಿನ ಕಲಿಕೆ.

ಬೆರಳಿನ ಕಲಿಕೆಗೆ ಹೆಲಿಕಾಪ್ಟರ್ ಬೇಕಾಗಿಲ್ಲ ಎನ್ನುವುದೇ ಏಣಿ ಸಿದ್ಧಾಂತಿಗಳಿಗೆ ಇನ್ನೂ ತಲುಪದ ಸುದ್ದಿ. ರಿಯಲ್‌ಫ್ಲೈಟ್, ನೆಕ್ಸ್ಟ್, ಆಕ್ಯೂಆರ್‌ಸಿ, ಹೆಲಿ-ಎಕ್ಸ್ ಮುಂತಾದ ಸಿಮ್ಯುಲೇಟರುಗಳಲ್ಲಿ ಕಲೆಕ್ಟಿವ್ ಹೆಲಿಕಾಪ್ಟರಿನ ನಡವಳಿಕೆಯನ್ನು ಮೋಸವಿಲ್ಲದೆ ಅನುಭವಿಸಬಹುದು. ಒಂದೇ ಷರತ್ತು: ಕೀಬೋರ್ಡು, ಮೊಬೈಲ್ ಪರದೆ, ಆಟದ ಗೇಮ್‌ಪ್ಯಾಡು ಬೇಡ. ಮುಂದೆ ಹೊಲದಲ್ಲಿ ಹಿಡಿಯುವ ಟ್ರಾನ್ಸ್‌ಮಿಟರನ್ನೇ ಯುಎಸ್‌ಬಿ ತಂತಿಯಲ್ಲಿ ಕಂಪ್ಯೂಟರಿಗೆ ಸಿಕ್ಕಿಸಿ ಕೂರಬೇಕು. ಅದಕ್ಕೇ ನಾನು ಟ್ರಾನ್ಸ್‌ಮಿಟರನ್ನು ಮೊದಲ ಖರೀದಿ ಎನ್ನುವುದು. ಹಲವು ಕಂಪನಿಗಳ ಭಾಷೆ ಮಾತಾಡುವ ಮಾಡ್ಯೂಲ್ ಇರುವಂಥದ್ದನ್ನು ಆರಿಸಿದರೆ ಹೆಲಿಕಾಪ್ಟರ್ ಬದಲಾದರೂ ಅದು ಬದಲಾಗಬೇಕಿಲ್ಲ. ಯಾವ ಹತೋಟಿ ಯಾವ ಕೈಯ ಸ್ಟಿಕ್ಕಿಗೆ, ಅಂದರೆ ಮೋಡ್ 1 ಬೇಕೋ ಮೋಡ್ 2 ಬೇಕೋ ಎನ್ನುವುದನ್ನು ಮಾತ್ರ ನಿಮಗೆ ಕಲಿಸಬಲ್ಲ, ಎಡವಟ್ಟಾದಾಗ ರಿಮೋಟ್ ಕಸಿದುಕೊಂಡು ಯಂತ್ರ ಉಳಿಸಬಲ್ಲ ಹತ್ತಿರದ ಹಿರಿಯರನ್ನು ಕೇಳಿ ತೀರ್ಮಾನಿಸಿ; ಪುಸ್ತಕ ನೋಡಿ ಅಲ್ಲ.

ಕೂತು ಮಾಡಬೇಕಾದದ್ದು ಬೇಸರದ ಕೆಲಸ. ಬಾಲ ನಮ್ಮ ಕಡೆ ಇಟ್ಟು ಒಂದೇ ಜಾಗದಲ್ಲಿ ಹೋವರ್. ಅದು ಸಲೀಸಾದ ಮೇಲೆ ಎಡ ಮಗ್ಗುಲು ತೋರಿಸಿ ಹೋವರ್, ಆಮೇಲೆ ಬಲ ಮಗ್ಗುಲು, ಕೊನೆಗೆ ಮೂತಿ ನಮ್ಮ ಕಡೆ. ಮೂತಿ ನಮ್ಮ ಕಡೆಗಿರುವ ಹೋವರ್‌ಗೆ ಉಳಿದ ಮೂರಕ್ಕೆ ಹಿಡಿದಷ್ಟೇ ಸಮಯ ಹಿಡಿದರೆ ಗಾಬರಿಯಾಗಬೇಡಿ, ಅದರ ಗುಣವೇ ಅದು. ಆಮೇಲೆ ನಿಧಾನದ ಎಂಟರ ಆಕಾರ. ದಿನಕ್ಕೆ ಅರ್ಧ ಗಂಟೆಯಂತೆ ಆರೆಂಟು ವಾರ ಕೂತರೆ ಸಾಮಾನ್ಯ ಬೆರಳುಗಳಿಗೂ ದಕ್ಕುತ್ತದೆ. ಸಾವಿರ ಸಲ ನೆಲಕ್ಕೆ ಬಡಿದರೂ ಒಂದು ಗುಂಡಿ ಒತ್ತಿದರೆ ಹೆಲಿಕಾಪ್ಟರ್ ಎದ್ದು ನಿಲ್ಲುತ್ತದೆ. ಅಗ್ಗದ ಕಲಿಕೆ ಬೇಕಿದ್ದರೆ ಇದಕ್ಕಿಂತ ಅಗ್ಗ ಇನ್ನೇನಿದೆ? ನಿಜವಾದ ಭಯ, ಗಾಳಿ, ಕಣ್ಣಿಗೆ ಬೀಳುವ ಬಿಸಿಲು ಪರದೆಯ ಮೇಲೆ ಇರುವುದಿಲ್ಲ, ಒಪ್ಪಿದೆ. ಆದರೆ ಆಟಿಕೆ ಕಲಿಸಿದ ತಪ್ಪು ಸ್ನಾಯುಸ್ಮೃತಿಯೂ ಅಲ್ಲಿ ಇರುವುದಿಲ್ಲ.

ಯಂತ್ರ ಕೊಳ್ಳುವಾಗ ಅದು ಹೇಗೆ ಹಾರುತ್ತದೆ ಎಂಬುದಕ್ಕಿಂತ ಮೊದಲು, ಬಿದ್ದ ಮೇಲೆ ಏನಾಗುತ್ತದೆ ಎಂದು ಕೇಳಿ. ಬೀಳುವುದು ಖಂಡಿತ. ಮುಖ್ಯ ಬ್ಲೇಡು, ಮುಖ್ಯ ಶಾಫ್ಟು, ಬ್ಲೇಡ್ ಹಿಡಿಕೆಗಳ ನಡುವೆ ಹಾಯುವ ತೆಳು ಫೆದರಿಂಗ್ ಶಾಫ್ಟು, ಬಾಲದ ಕೊಳವೆ, ಸರ್ವೊ ಗೇರು: ಬಿದ್ದಾಗ ಹೋಗುವುದು ಸಾಮಾನ್ಯವಾಗಿ ಇವೇ. ಇವು ದೇಶದೊಳಗೇ ಎರಡು ಮೂರು ದಿನದಲ್ಲಿ ಸಿಗುವ ಹೆಲಿಕಾಪ್ಟರ್ ಯಾವುದೋ ನಿಮ್ಮ ಮೊದಲ ಹೆಲಿಕಾಪ್ಟರ್ ಅದೇ, ಇನ್ನೊಂದು ಎಷ್ಟೇ ಚೆನ್ನಾಗಿ ಹಾರಲಿ. 2022ರ ಫೆಬ್ರುವರಿ 9ರಂದು ಕೇಂದ್ರ ಸರಕಾರ ಪೂರ್ತಿ ಜೋಡಿಸಿದ ಡ್ರೋನುಗಳ ಆಮದನ್ನು ನಿಷೇಧಿಸಿ, ಬಿಡಿಭಾಗಗಳಿಗೆ ಮಾತ್ರ ದಾರಿ ತೆರೆದಿಟ್ಟಿತು. ರೋಟರಿರುವ ಸಣ್ಣ ಯಂತ್ರವೊಂದನ್ನು ವಿದೇಶದಿಂದ ನೇರ ತರಿಸಿಕೊಳ್ಳುವ ಆಸೆಯಿರುವವರು ಅದು ಕಸ್ಟಮ್ಸ್‌ನಲ್ಲಿ ಕೂರಬಹುದು ಎಂಬ ಲೆಕ್ಕವನ್ನೂ ಹಾಕಿಕೊಳ್ಳಲಿ. ಹತ್ತಿರದಲ್ಲಿ ಹೊಂದಿಸಿಕೊಡಬಲ್ಲ ಅನುಭವಿಗಳಿದ್ದರೆ, ಸುಮಾರು 70 ಸೆಂಟಿಮೀಟರ್ ವ್ಯಾಸದ 450 ದರ್ಜೆಯ ಸೆಕೆಂಡ್‌ಹ್ಯಾಂಡ್ ಯಂತ್ರವೂ ಒಳ್ಳೆಯದೇ. ಗಾಳಿಯಲ್ಲಿ ನಿಲ್ಲುತ್ತದೆ, ಕಣ್ಣಿಗೆ ಕಾಣುತ್ತದೆ. ಒಬ್ಬಂಟಿಯಾಗಿ ಕಲಿಯುವವರಿಗೆ 400 ಮಿಲಿಮೀಟರಿನದೇ ಸರಿ. ಮೊದಲ ಕೆಲವು ವಾರ ಕಾಲುಗಳ ಕೆಳಗೆ ಕಾರ್ಬನ್ ಕಡ್ಡಿಗಳನ್ನು ಅಡ್ಡಡ್ಡ ಕಟ್ಟಿ ತುದಿಗೆ ಚೆಂಡು ಸಿಕ್ಕಿಸಿದರೆ ಪಕ್ಕಕ್ಕೆ ಮಗುಚುವುದು ತಪ್ಪುತ್ತದೆ.

ನನ್ನ ಎದುರಾಳಿಗಳ ಬಳಿ ಒಂದು ಬಲವಾದ ವಾದ ಇದೆ, ಅದನ್ನು ಅಡಗಿಸಿಡುವುದಿಲ್ಲ: ಅಪಾಯ. 450 ದರ್ಜೆಯ ರೋಟರ್ ನಿಮಿಷಕ್ಕೆ 2500 ಸುತ್ತು ತಿರುಗಿದರೆ ಬ್ಲೇಡಿನ ತುದಿ ಗಂಟೆಗೆ ಸುಮಾರು 330 ಕಿಲೋಮೀಟರ್ ವೇಗದಲ್ಲಿರುತ್ತದೆ. 2013ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಉದ್ಯಾನವೊಂದರಲ್ಲಿ ಹತ್ತೊಂಬತ್ತರ ಯುವಕನೊಬ್ಬ ತಾನೇ ಹಾರಿಸುತ್ತಿದ್ದ ದೊಡ್ಡ ಮಾದರಿ ಹೆಲಿಕಾಪ್ಟರ್ ಬಡಿದು ತೀರಿಕೊಂಡ. ಅವನು ಹೊಸಬನೇನೂ ಆಗಿರಲಿಲ್ಲ. ಆದ್ದರಿಂದ 'ಧೈರ್ಯವಿದ್ದರೆ ನೇರ 700 ತಗೋ' ಎನ್ನುವ ಮೀಸೆ ತಿರುವುವ ಬಣವನ್ನೂ ನಾನು ಅಷ್ಟೇ ದೂರ ಇಡುತ್ತೇನೆ. ಒಂದೂವರೆ ಮೀಟರಿನ ರೋಟರ್ ಹೊಸಬನಿಗಲ್ಲ. ಆದರೆ ಅಪಾಯಕ್ಕೆ ಉತ್ತರ ಅಂತರ, ಥ್ರಾಟಲ್ ಹೋಲ್ಡ್, ಖಾಲಿ ಬಯಲು. ಮೂಗಿನ ಮುಂದೆ, ಹಜಾರದ ಸೋಫಾ ಮೇಲೆ, ಮಕ್ಕಳ ತಲೆಯ ಸುತ್ತ ಹಾರಿಸಬಹುದು ಎಂದು ಕಲಿಸುವುದೇ ಆಟಿಕೆ. ರೋಟರಿಗೆ ಹೆದರಬೇಕಾದ ವ್ಯಕ್ತಿಯನ್ನು ರೋಟರಿನ ಜೊತೆ ಸಲಿಗೆಯಿಂದ ಇರುವಂತೆ ಬೆಳೆಸಿ, ಆಮೇಲೆ ಕೈಗೆ ಕಾರ್ಬನ್ ಬ್ಲೇಡ್ ಕೊಡುವ ಈ ಕ್ರಮ ಸುರಕ್ಷತೆಯ ಪಾಠ ಹೇಗಾದೀತು?

ಬಯಲು ಎಲ್ಲಿದೆ ಎನ್ನುವುದು ಬೆಂಗಳೂರಿಗರ ನ್ಯಾಯವಾದ ಪ್ರಶ್ನೆ. ಕೆಂಪೇಗೌಡ ವಿಮಾನ ನಿಲ್ದಾಣ, ಯಲಹಂಕದ ವಾಯುನೆಲೆ, ಜಕ್ಕೂರು, ಎಚ್‌ಎಎಲ್ ಎಂದು ಊರ ತುಂಬ ರನ್‌ವೇಗಳಿವೆ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ 400 ಅಡಿಯವರೆಗೆ, ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿಲೋಮೀಟರ್ ನಡುವೆ 200 ಅಡಿಯವರೆಗೆ ಮುಂಗಡ ಅನುಮತಿ ಇಲ್ಲದೆ ಹಾರಿಸಬಹುದು. ವಲಯದ ನಕ್ಷೆ ಡಿಜಿಟಲ್ ಸ್ಕೈ ತಾಣದಲ್ಲಿದೆ. ನಾನು ಹೇಳುತ್ತಿರುವ ಗಾತ್ರದವು ಬಹುತೇಕ ಎರಡು ಕೆ.ಜಿ.ಗಿಂತ ಕೆಳಗಿನ ಮೈಕ್ರೊ ವರ್ಗದವು, ವ್ಯಾಪಾರಕ್ಕಲ್ಲದೆ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಭಾನುವಾರ ಬೆಳಗ್ಗೆ ಊರ ಹೊರಗೆ ಹೋಗಿ ಬರಬೇಕು, ಅಷ್ಟೇ. ವಾರದ ಉಳಿದ ದಿನಗಳಿಗೆ ಸಿಮ್ಯುಲೇಟರ್ ಇದೆ.

ಇತ್ತೀಚೆಗೆ ಏಣಿಗೆ ಹೊಸ ಮೆಟ್ಟಿಲೊಂದನ್ನು ಸೇರಿಸಿದ್ದಾರೆ: ಜಿಪಿಎಸ್ ಇರುವ, ಕೈಬಿಟ್ಟರೆ ಗಾಳಿಯಲ್ಲೇ ಕಂಬದಂತೆ ನಿಲ್ಲುವ, ಗುಂಡಿ ಒತ್ತಿದರೆ ಹೊರಟಲ್ಲಿಗೇ ಮರಳುವ ಹೆಲಿಕಾಪ್ಟರುಗಳು. ನೋಡಲು ಚೆಂದ. ಬೆಲ್ 206ರ ಹೊದಿಕೆ ಹಾಕಿ ಸಂಜೆ ಬೆಳಕಿನಲ್ಲಿ ತೇಲಿಸುವವರ ಸುಖಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಅದು ಹೆಲಿಕಾಪ್ಟರ್ ವೇಷದ ಡ್ರೋನ್. ಕಲಿಕೆಯ ವಿಷಯದಲ್ಲಿ ಜೋಡಿ ರೋಟರಿನ ಪಾಪವನ್ನೇ ದುಬಾರಿ ಬೆಲೆಗೆ ಮಾಡುತ್ತದೆ. ಅದೇ ತಂತ್ರಜ್ಞಾನದ ಇನ್ನೊಂದು ರೂಪ, ಗುಂಡಿ ಒತ್ತಿದರೆ ಮಾತ್ರ ಯಂತ್ರವನ್ನು ನೆಟ್ಟಗೆ ಮಾಡಿ ಮೇಲೆತ್ತುವ 'ರೆಸ್ಕ್ಯೂ', ಹೊಸಬನಿಗೆ ನಿಜವಾದ ವರ. ಸದಾ ಕೈಹಿಡಿದು ನಡೆಸುವುದು ಬೇರೆ, ಬೀಳುವಾಗ ಹಿಡಿಯುವುದು ಬೇರೆ.

ಆಟಿಕೆ ಆಟಿಕೆಯಾಗಿ ಇರಲಿ. ಏಳು ವರ್ಷದ ಮಗುವಿನ ಹುಟ್ಟುಹಬ್ಬಕ್ಕೆ ಕೊಡಿ, ಫ್ಯಾನಿಗೆ ಬಡಿದು ಮುರಿಯಲಿ, ಸಂತೋಷ. ನನ್ನ ಜಗಳ ಅದನ್ನು ಗುರುವಿನ ಪೀಠದಲ್ಲಿ ಕೂರಿಸುವವರ ಜೊತೆಗೆ. ಅವರ ಕೊನೆಯ ಅಸ್ತ್ರ ಇದು: ಕಂಪ್ಯೂಟರ್ ಮುಂದೆ ಎರಡು ತಿಂಗಳು ಕೂರು ಎಂದರೆ ಹತ್ತರಲ್ಲಿ ಆರು ಜನ ಆಸಕ್ತಿ ಕಳೆದುಕೊಂಡು ಬಿಟ್ಟುಬಿಡುತ್ತಾರೆ. ಬಿಡಲಿ! ಹಾಗೆ ಬಿಟ್ಟವರ ಕೈಯಲ್ಲಿ ಉಳಿಯುವುದು ಒಂದು ಗೀರೂ ಬೀಳದ ಟ್ರಾನ್ಸ್‌ಮಿಟರ್. ಡ್ರೋನಿನವರಿಗೂ ಬೇಕು, ವಿಮಾನದವರಿಗೂ ಬೇಕು. ಮಾರಿದರೆ ಹಾಕಿದ ದುಡ್ಡಿನ ಬಹುಪಾಲು ಒಂದು ವಾರದಲ್ಲಿ ವಾಪಸ್ಸು ಬರುತ್ತದೆ. ಹಲ್ಲು ಮುರಿದ ಗೇರಿನ ಆಟಿಕೆಯನ್ನು ಗುಜರಿಯವನೂ ತೂಕಕ್ಕೆ ಹಾಕಿಕೊಳ್ಳುವುದಿಲ್ಲ.